ಬದುಕಿಗಿಂತ ಮೊದಲೇ ಮುಗಿಯುವ ಬರಹ

ಪ್ರೀತಿಯ ತಂಗೀ,

ಯೇಸುವಿನ ಹೆಸರಿನಲ್ಲಿ ವಂದನೆ. ನೀನು ಕಳಿಸಿದ ಬರಹಗಳನ್ನೆಲ್ಲ ಓದಿದೆ, ಕೆಲವನ್ನು ಎರಡೆರಡು ಸಲ. ಭಾಷೆ ಚೆನ್ನಾಗಿದೆ, ಅದರ ಬಗ್ಗೆ ನನ್ನ ತಕರಾರಿಲ್ಲ. ನನಗೆ ಇರಿಸುಮುರಿಸಾದದ್ದು ಬೇರೆ ಕಡೆ. ನಿನ್ನ ಪ್ರತಿ ಬರಹವೂ ಗೆದ್ದೇ ಮುಗಿಯುತ್ತದೆ. ಕೆಲಸ ಹೋಯಿತು, ಪ್ರಾರ್ಥಿಸಿದೆ, ಈಗ ಮನಸ್ಸು ಸಮಾಧಾನದಿಂದ ತುಂಬಿದೆ. ಗೆಳತಿ ಮೋಸ ಮಾಡಿದಳು, ಕ್ಷಮಿಸಿದೆ, ಹೃದಯ ಹಗುರವಾಯಿತು. ಎಲ್ಲವೂ ಎರಡು ಪುಟದೊಳಗೆ. ಆದರೆ ಜೊತೆಗಿದ್ದ ಪತ್ರದಲ್ಲಿ ನೀನೇ ಹೇಳಿದ್ದೀಯ, ಕೆಲಸ ಇನ್ನೂ ಸಿಕ್ಕಿಲ್ಲ, ರಾತ್ರಿ ನಿದ್ದೆ ಬರುವುದಿಲ್ಲ ಅಂತ. ಹಾಗಾದರೆ ಆ ಸಮಾಧಾನ ಎಲ್ಲಿಂದ ಬಂತು?

ನೀನು ಸುಳ್ಳು ಬರೆದಿದ್ದೀಯ ಅಂತ ನಾನು ಅನ್ನುವುದಿಲ್ಲ. ಸಾಕ್ಷಿ, ಅಂದರೆ ದೇವರು ನಮ್ಮ ಬದುಕಿನಲ್ಲಿ ಮಾಡಿದ್ದನ್ನು ಹೇಳುವ ಮಾತು, ಹೀಗೇ ಮುಗಿಯಬೇಕು ಅಂತ ನಾವೆಲ್ಲ ಸಭೆಯಲ್ಲಿ ಕೇಳಿ ಕೇಳಿ ಕಲಿತಿದ್ದೇವೆ. ಕೈ ತಾನಾಗಿಯೇ ಹಾಗೆ ಬರೆದುಬಿಡುತ್ತದೆ. ನಾನು ಹೇಳುವುದು ಇಷ್ಟೇ. ನಿನ್ನ ಬದುಕು ಇನ್ನೂ ತಲುಪದ ಜಾಗಕ್ಕೆ ನಿನ್ನ ಬರಹ ಮೊದಲೇ ಹೋಗಿ ಕೂರಬಾರದು.

ಬೈಬಲಿನಲ್ಲಿ ಯೇಸುವಿನ ಬದುಕನ್ನು ಹೇಳುವ ಸುವಾರ್ತೆಗಳನ್ನು ಬರೆದವರಿಗೆ ಈ ಅವಸರ ಇರಲಿಲ್ಲ. ಮಾರ್ಕನ ಸುವಾರ್ತೆಯ 10ನೇ ಅಧ್ಯಾಯ ತೆಗೆ. ಒಬ್ಬ ಆಸ್ತಿವಂತ ಓಡಿಬಂದು ಯೇಸುವಿನ ಮುಂದೆ ಮೊಣಕಾಲೂರುತ್ತಾನೆ. ಯೇಸು ಅವನನ್ನು ನೋಡಿ ಪ್ರೀತಿಸಿದನು ಅಂತ ಮಾರ್ಕ ಬರೆಯುತ್ತಾನೆ. ಇದೇ ಘಟನೆ ಮತ್ತಾಯ, ಲೂಕರಲ್ಲೂ ಇದೆ, ಆದರೆ ಪ್ರೀತಿಸಿದ ಮಾತು ಮಾರ್ಕನಲ್ಲಿ ಮಾತ್ರ. ಅಷ್ಟು ಪ್ರೀತಿ ಸಿಕ್ಕವನು ಏನು ಮಾಡಿದ? ಇರುವುದನ್ನೆಲ್ಲ ಮಾರಿ ಬಡವರಿಗೆ ಕೊಡು ಅಂತ ಯೇಸು ಹೇಳಿದ್ದಕ್ಕೆ ಮುಖ ಸಣ್ಣದು ಮಾಡಿಕೊಂಡು ಹೊರಟುಹೋದ. ಆಮೇಲೆ ಅವನ ಸುದ್ದಿಯೇ ಇಲ್ಲ. ನಾವಾಗಿದ್ದರೆ ಎರಡು ಅಧ್ಯಾಯ ಬಿಟ್ಟು ಅವನನ್ನು ವಾಪಸ್ ಕರೆತಂದು ಅಳಿಸುತ್ತಿದ್ದೆವು, ಅಲ್ವಾ?

ಇನ್ನೂ ಒಂದು ವಿಷಯ. ಮಾರ್ಕನ ಸುವಾರ್ತೆ ಪೂರ್ತಿಯಾಗಿ ಉಳಿದಿರುವ ಅತ್ಯಂತ ಹಳೆಯ ಎರಡು ಕೈಬರಹದ ಪ್ರತಿಗಳು 4ನೇ ಶತಮಾನದವು. ಅವೆರಡರಲ್ಲೂ ಸುವಾರ್ತೆ 16ನೇ ಅಧ್ಯಾಯದ 8ನೇ ವಚನಕ್ಕೇ ನಿಂತುಬಿಡುತ್ತದೆ. ಸತ್ತ ಯೇಸು ಜೀವಂತವಾಗಿ ಎದ್ದಿದ್ದಾನೆ ಅನ್ನುವ ಸುದ್ದಿ ಹೆಂಗಸರಿಗೆ ಸಿಕ್ಕಿದೆ. ಅವರು ನಡುಗುತ್ತಾ ಸಮಾಧಿಯಿಂದ ಓಡಿಹೋಗುತ್ತಾರೆ, ಹೆದರಿಕೆಯಿಂದ ಯಾರಿಗೂ ಏನೂ ಹೇಳುವುದಿಲ್ಲ. ಅಷ್ಟೇ, ಮುಗಿಯಿತು. ಜಗತ್ತಿನ ಅತಿ ದೊಡ್ಡ ಸಂತೋಷದ ಸುದ್ದಿಯನ್ನು ಹೆದರಿಕೆಯಲ್ಲಿ ನಿಲ್ಲಿಸುವ ಧೈರ್ಯ ಒಬ್ಬ ಬರಹಗಾರನಿಗಿತ್ತು ಅನ್ನುವುದು ನನಗೆ ಈಗಲೂ ಬೆರಗು.

ಬೈಬಲಿನ ಕೀರ್ತನೆಗಳನ್ನೂ ಹೀಗೇ ಓದು. 13ನೇ ಕೀರ್ತನೆ ‘ಎಷ್ಟು ಕಾಲ’ ಅಂತ ನಾಲ್ಕು ಸಲ ಕೂಗಿ ಶುರುವಾಗುತ್ತದೆ, ಆರು ವಚನದೊಳಗೆ ಹಾಡಿಗೆ ತಿರುಗುತ್ತದೆ. 88ನೆಯದು ತಿರುಗುವುದೇ ಇಲ್ಲ, ಕತ್ತಲೆಯಲ್ಲೇ ಕೊನೆಯಾಗುತ್ತದೆ. ಎರಡೂ ಒಂದೇ ಪುಸ್ತಕದಲ್ಲಿವೆ. 88ನೆಯದಕ್ಕೆ ಯಾರೂ ಒಂದು ಒಳ್ಳೆಯ ಸಾಲು ಸೇರಿಸಿ ಸರಿಮಾಡಲಿಲ್ಲ. ಅದು ದೇವರ ಜೊತೆಗಿನ ಮಾತೇ ಆದ್ದರಿಂದ ಅದೂ ಪ್ರಾರ್ಥನೆಯೇ. ನಿನ್ನ ಕೆಲಸ ಹೋದ ಬರಹದ ಕೊನೆಯ ಎರಡು ಪ್ಯಾರಾ ತೆಗೆದು ಓದಿ ನೋಡು. ದೇವರು ಅದರಿಂದ ಹೊರಗೆ ಹೋಗುವುದಿಲ್ಲ.

ಬೈಬಲ್ ವಾಕ್ಯ ಬಳಸುವುದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಕಾಗದಕ್ಕೆ ಮುದ್ರೆ ಒತ್ತಿದ ಹಾಗೆ ನೀನು ಬರಹದ ಕೊನೆಗೊಂದು ವಾಕ್ಯ ಹಾಕುತ್ತೀಯ. ಮೂರು ಕಡೆ ಯೆರೆಮೀಯ 29:11 ಇದೆ. ನಿಮಗೆ ಕೇಡಲ್ಲ, ಒಳ್ಳೆಯದೇ ಆಗಲಿ ಅನ್ನುವುದು ನನ್ನ ಆಲೋಚನೆ ಎಂದು ದೇವರು ಹೇಳುವ ಮಾತು. ಎಲ್ಲರಿಗೂ ಇಷ್ಟ, ನನಗೂ ಇಷ್ಟ. ಆದರೆ ಅದರ ಹಿಂದಿನ ವಚನ ಓದಿದ್ದೀಯಾ? ಬಾಬೆಲಿನಲ್ಲಿ 70 ವರ್ಷ ಕಳೆಯಬೇಕು ಅಂತ ಅಲ್ಲಿದೆ. ಸೆರೆಯಾಗಿ ಆ ಪರದೇಶಕ್ಕೆ ಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯ ಬರೆದ ಪತ್ರ ಅದು. ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿಸಿ ಅಂತ ಪ್ರವಾದಿ ಹೇಳುತ್ತಾನೆ. ಬೇಗ ವಾಪಸ್ ಹೋಗುತ್ತೀರಿ ಅಂತ ಆಸೆ ಹುಟ್ಟಿಸುವವರನ್ನು ನಂಬಬೇಡಿ ಅಂತಲೂ ಹೇಳುತ್ತಾನೆ. ಆ ಪತ್ರ ಕೇಳಿಸಿಕೊಂಡ ದೊಡ್ಡವರಲ್ಲಿ ಹೆಚ್ಚಿನವರು ಊರು ನೋಡದೆ ಸಾಯುವವರೇ. ಇಷ್ಟು ಗೊತ್ತಾದ ಮೇಲೆ ಆ ವಾಕ್ಯವನ್ನು ಮುಂದಿನ ತಿಂಗಳೇ ಕೆಲಸ ಸಿಗುತ್ತದೆ ಅನ್ನುವ ಭರವಸೆಯಾಗಿ ಬಳಸೋಕೆ ಆಗುತ್ತಾ? ಕಾಯುತ್ತಾ ಮನೆ ಕಟ್ಟಿಕೊಳ್ಳುವುದು ಹೇಗೆ ಅಂತ ಬರೆದರೆ ಅದು ನಿನ್ನದೇ ಬರಹವಾಗುತ್ತದೆ.

ಈಗ ಕಷ್ಟದ ಮಾತು. ನಮ್ಮಂಥವರು ಭಕ್ತಿಯನ್ನು ನಾಲ್ಕು ಜನರ ಮುಂದೆ ಇಟ್ಟು ಬದುಕುವವರು. ಮತ್ತಾಯನಲ್ಲಿ ಯೇಸುವಿನ ಪರ್ವತ ಪ್ರಸಂಗ ಇದೆಯಲ್ಲ, ಅದರ 5ನೇ ಅಧ್ಯಾಯದಲ್ಲಿ ನಿಮ್ಮ ಬೆಳಕು ಜನರ ಮುಂದೆ ಪ್ರಕಾಶಿಸಲಿ ಅನ್ನುತ್ತಾನೆ. 6ನೇ ಅಧ್ಯಾಯದಲ್ಲಿ ಜನ ನೋಡಲಿ ಅಂತ ಧರ್ಮಕಾರ್ಯ ಮಾಡಬೇಡಿ, ಬೀದಿ ಮೂಲೆಯಲ್ಲಿ ನಿಂತು ಪ್ರಾರ್ಥಿಸಬೇಡಿ, ಕೋಣೆಗೆ ಹೋಗಿ ಬಾಗಿಲು ಮುಚ್ಚಿ ಪ್ರಾರ್ಥಿಸಿ ಅನ್ನುತ್ತಾನೆ. ನಾವು ಈ ಎರಡರ ನಡುವೆ ಬರೆಯಬೇಕು. ಇದಕ್ಕೆ ಸುಲಭದ ಅಳತೆ ಇಲ್ಲ. ನಾನು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದನ್ನು ಓದಿದವರ ಕಣ್ಣು ಕೊನೆಗೆ ಯಾರ ಮೇಲೆ ನಿಲ್ಲುತ್ತದೆ? ನನ್ನ ಮೇಲೆ ನಿಂತರೆ ಅದು ಬೀದಿ ಮೂಲೆಯ ಪ್ರಾರ್ಥನೆ. ಉಪವಾಸ ಮಾಡಿದೆ, ಬಡವರಿಗೆ ಕೊಟ್ಟೆ ಅನ್ನುವ ಸಾಲುಗಳನ್ನು ಮೊದಲು ಹೊಡೆದುಹಾಕುತ್ತೇನೆ. ಹೊಗಳಿಕೆಯ ಆಸೆ ಅಷ್ಟರಿಂದಲೇ ಸಾಯುವುದಿಲ್ಲ ಬಿಡು. ಕ್ರಿ.ಶ. 400ರ ಆಸುಪಾಸಿನಲ್ಲಿ ಅಗಸ್ಟೀನ ಎಂಬ ಕ್ರೈಸ್ತ ಚಿಂತಕ ತನ್ನ ಬದುಕಿನ ಕತೆಯನ್ನು ದೇವರಿಗೇ ಹೇಳುವ ಹಾಗೆ ಬರೆದ. ಆಗಲೇ ಅವನು ಬಿಷಪ್. ಆದರೂ ಜನರ ಹೊಗಳಿಕೆ ತನಗೆ ಈಗಲೂ ಹಿತವಾಗುತ್ತದೆ ಅಂತ ಅದರಲ್ಲಿ ಒಪ್ಪಿಕೊಳ್ಳುತ್ತಾನೆ. ಹೊಲದಲ್ಲಿ ನಾಯಿ ಮೊಲವನ್ನು ಅಟ್ಟಿಸಿಕೊಂಡು ಹೋದರೆ ದೊಡ್ಡ ಚಿಂತನೆಯನ್ನೂ ಬಿಟ್ಟು ತನ್ನ ಮನಸ್ಸು ಅದರ ಹಿಂದೆ ಓಡುತ್ತದಂತೆ! ಬಿಷಪ್ ಆದಮೇಲೂ ‘ಈಗಲೂ’ ಅಂತ ಬರೆದನಲ್ಲ, ಅದಕ್ಕೇ ಅವನನ್ನು ನಂಬಬೇಕು ಅನಿಸುತ್ತದೆ.

ಹಾಗಂತ ಎಲ್ಲವನ್ನೂ ಹೊರಗೆ ಹಾಕು ಅಂತಲ್ಲ. ಮದರ್ ತೆರೇಸಾ 1997ರಲ್ಲಿ ತೀರಿಕೊಂಡರು. ಹತ್ತು ವರ್ಷದ ನಂತರ ಅವರ ಖಾಸಗಿ ಪತ್ರಗಳು ಅಚ್ಚಾದವು. ದಶಕಗಳ ಕಾಲ ದೇವರ ಸಾನಿಧ್ಯ ತಮಗೆ ತಿಳಿಯುತ್ತಲೇ ಇರಲಿಲ್ಲ ಅಂತ ಅವರು ತಮ್ಮ ಆತ್ಮಿಕ ಮಾರ್ಗದರ್ಶಕರಿಗೆ ಬರೆದಿದ್ದರು. ಪತ್ರಗಳನ್ನು ಸುಟ್ಟುಹಾಕಿ ಅಂತಲೂ ಕೇಳಿಕೊಂಡಿದ್ದರು. ಅಚ್ಚು ಮಾಡಿದ್ದು ಸರಿಯೋ ತಪ್ಪೋ, ನನ್ನಲ್ಲಿ ಎರಡೂ ಮನಸ್ಸಿದೆ. ಆ ಪತ್ರ ಓದಿ ಧೈರ್ಯ ಬಂದವರಿದ್ದಾರೆ. ಆದರೂ ನಿನ್ನ ವಿಷಯ ಹೇಳಬೇಕೋ ಬೇಡವೋ ಅನ್ನುವುದು ನಿನ್ನ ಕೈಯಲ್ಲಿದೆ. ಬೇರೆಯವರದ್ದು ಇಲ್ಲ. ಪ್ರಾರ್ಥನಾ ಕೂಟದಲ್ಲಿ ಯಾರೋ ಅತ್ತು ಹೇಳಿಕೊಂಡದ್ದು ನಿನ್ನ ಬರಹಕ್ಕೆ ಸರಕಲ್ಲ. ಹೆಸರು ಬದಲಿಸಿದರೂ ಅವರಿಗೆ ಗೊತ್ತಾಗುತ್ತದೆ. ನಿನ್ನ ಗೆಳತಿಯ ಬರಹವನ್ನು ಇದೇ ಕಾರಣಕ್ಕೆ ಸದ್ಯಕ್ಕೆ ತೆಗೆದಿಡು. ಕ್ಷಮಿಸಿದ್ದು ನಿಜವಾದರೆ ಮೊದಲು ಅವಳಿಗೆ ತಿಳಿಯಲಿ.

ಸಂದೇಹ ಬಂದರೆ ಅದನ್ನೂ ಬರೆಯಬಹುದಾ, ಸಭೆಯ ಹಿರಿಯರು ಏನಂದಾರು ಅಂತ ಕೇಳಿದ್ದೀಯ. ಸ್ನಾನಿಕ ಯೋಹಾನನನ್ನು ನೆನಪು ಮಾಡಿಕೋ. ಯೇಸುವಿನ ಬಗ್ಗೆ ಮೊದಲು ಸಾಕ್ಷಿ ಹೇಳಿದವನೇ ಅವನು. ಅವನೇ ಸೆರೆಮನೆಯಿಂದ ಶಿಷ್ಯರನ್ನು ಕಳಿಸಿ, ಬರಬೇಕಾದವನು, ಅಂದರೆ ಜನ ಕಾಯುತ್ತಿದ್ದ ರಕ್ಷಕ, ನೀನೋ ಅಥವಾ ಬೇರೊಬ್ಬನಿಗಾಗಿ ಕಾಯಬೇಕೋ ಅಂತ ಕೇಳಿಸುತ್ತಾನೆ. ಯೇಸು ಬೈಯಲಿಲ್ಲ. ಕುರುಡರಿಗೆ ಕಣ್ಣು ಬಂದದ್ದು, ಕುಂಟರು ನಡೆದದ್ದು, ನೀವು ಕಂಡದ್ದನ್ನು ಕೇಳಿದ್ದನ್ನು ಹೋಗಿ ಹೇಳಿ ಅಂದ. ಅವರು ಹೋದ ಮೇಲೆ ಜನರ ಮುಂದೆ ಯೋಹಾನನನ್ನು ಹೊಗಳಿದ. ಸೆರೆಮನೆಯ ಬಾಗಿಲು ಮಾತ್ರ ತೆರೆಯಲಿಲ್ಲ, ಯೋಹಾನನ ತಲೆ ಅಲ್ಲೇ ಹೋಯಿತು. ಮತ್ತಾಯ ಇದನ್ನೆಲ್ಲ ಮುಚ್ಚಿಡದೆ ಬರೆದಿದ್ದಾನೆ. ಹಿರಿಯರು ಕೇಳಿದರೆ 11ನೇ ಅಧ್ಯಾಯ ತೋರಿಸು. ಜಗಳ ಬೇಡ. ಅಚ್ಚಿಗೆ ಕೊಡುವ ಮೊದಲು ಅವರಲ್ಲಿ ನಿನಗೆ ನಂಬಿಕೆ ಇರುವ ಒಬ್ಬರಿಗೆ ಓದಿಸು. ಅವರು ಹೇಳಿದ್ದನ್ನೆಲ್ಲ ತಿದ್ದಬೇಕಾಗಿಲ್ಲ, ಕೇಳಿಸಿಕೊಂಡರೆ ಸಾಕು. ಅವರು ಏನಂದರು ಅಂತ ನನಗೂ ಬರೆ.

ಪ್ರೀತಿಯಿಂದ,
ನಿನ್ನ ಅಣ್ಣ