ಗೆಳೆಯನಿಗೊಂದು ಪತ್ರ: ಹಗ್ಗ ಎಳೆದರೆ ಬೀಳುವ ಜಲಪಾತ

ಪ್ರೀತಿಯ ಗೆಳೆಯಾ,

ಪ್ರಾಗ್ ಎಲ್ಲರೂ ನೋಡುತ್ತಾರೆ, ಅದನ್ನು ಬಿಟ್ಟು ಬೇರೆ ಏನಾದರೂ ಹೇಳು ಅಂತ ಬರೆದಿದ್ದೆಯಲ್ಲ, ಕೇಳು. ಹ್ರೆನ್ಸ್ಕೊ ಅಂತ ಒಂದು ಊರಿದೆ. ನಾನಿರುವ ಡ್ರೆಸ್ಡೆನ್‌ನಿಂದ ಲೋಕಲ್ ರೈಲು ಹತ್ತಿದರೆ ಎಲ್ಬೆ ನದಿಯ ಪಕ್ಕದಲ್ಲೇ ಸಾಗಿ ಶ್ಯೋನಾ ಎಂಬ ಕೊನೆಯ ಸ್ಟೇಷನ್ನಿಗೆ ತಂದು ಬಿಡುತ್ತದೆ. ಅದಿನ್ನೂ ಜರ್ಮನಿ. ಎದುರು ದಡದಲ್ಲಿ ಕಾಣುವುದೇ ಹ್ರೆನ್ಸ್ಕೊ, ಅದು ಚೆಕ್ ದೇಶ. ನಡುವೆ ಒಂದು ಸಣ್ಣ ಫೆರಿ ಓಡಾಡುತ್ತದೆ. ಈ ದಡದಲ್ಲಿ ಎಲ್ಬೆ ಆಗಿದ್ದ ನದಿ ಆ ದಡ ಮುಟ್ಟುವಷ್ಟರಲ್ಲಿ ಲಾಬೆ ಆಗಿರುತ್ತದೆ.

ಊರು ಅಂದರೆ ತುಂಬಾ ದೊಡ್ಡದು ಅಂದುಕೋಬೇಡ. ಕೆಲವೇ ನೂರು ಜನ ಇರುವ ಹಳ್ಳಿ. ಕಾಮೆನಿತ್ಸೆ ಅನ್ನೋ ಚಿಕ್ಕ ಹೊಳೆ ಬಂದು ಲಾಬೆಗೆ ಸೇರುವ ಜಾಗ. ಎರಡೂ ಕಡೆ ಮರಳುಗಲ್ಲಿನ ಬಂಡೆ ಗೋಡೆಯ ಹಾಗೆ ಎದ್ದು ನಿಂತಿದೆ. ನಡುವೆ ಹೊಳೆಗೆ ಜಾಗ, ರಸ್ತೆಗೆ ಜಾಗ, ಉಳಿದಷ್ಟರಲ್ಲಿ ಮನೆಗಳು. ಕೆಲವು ಮನೆಗಳ ಹಿಂದಿನ ಗೋಡೆಗೂ ಬಂಡೆಗೂ ನಡುವೆ ಒಬ್ಬ ಮನುಷ್ಯ ಅಡ್ಡಲಾಗಿ ತೂರಿಕೊಂಡು ಹೋಗಬೇಕು, ಅಷ್ಟೇ. ಇಡೀ ಚೆಕ್ ದೇಶದಲ್ಲಿ ಅತಿ ತಗ್ಗಿನ ಜಾಗ ಇದೇ, ಸಮುದ್ರ ಮಟ್ಟದಿಂದ 115 ಮೀಟರ್. ಬೊಹೀಮಿಯಾದ, ಅಂದರೆ ಚೆಕ್ ದೇಶದ ಪಶ್ಚಿಮ ಭಾಗದ, ಹೆಚ್ಚಿನ ನೀರೆಲ್ಲ ಈ ಒಂದು ಬಾಗಿಲಿನಿಂದಲೇ ಹೊರಗೆ ಹೋಗಬೇಕು. ನೆರೆ ಬಂದರೆ ಏನಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ. 2002ರಲ್ಲೂ 2013ರಲ್ಲೂ ಊರು ನೀರಲ್ಲಿ ನಿಂತಿತ್ತು.

ನೀರು ಕಮ್ಮಿಯಾದರೂ ಇವರಿಗೆ ಕಷ್ಟವೇ. ಸ್ವಲ್ಪ ಮೇಲಕ್ಕೆ ಹೋದರೆ ಸಿಗುವ ದ್ಯೆಚೀನ್ ಪಟ್ಟಣದಲ್ಲಿ ನದಿಯ ಪಾತ್ರದೊಳಗೆ ಒಂದು ಕಲ್ಲಿದೆ. ಬರಗಾಲದಲ್ಲಿ ಮಾತ್ರ ತಲೆ ಎತ್ತುತ್ತದೆ. ಅದರ ಮೇಲೆ 1616ರಂಥ ಹಳೆಯ ವರ್ಷಗಳನ್ನು ಕೆತ್ತಿದ್ದಾರೆ, ಜೊತೆಗೆ ಜರ್ಮನ್ ಭಾಷೆಯಲ್ಲಿ ಒಂದು ಸಾಲು: ನನ್ನನ್ನು ಕಂಡರೆ ಅಳು. ಹಸಿವಿನ ಕಲ್ಲು ಅಂತಲೇ ಅದರ ಹೆಸರು.

ಹ್ರೆನ್ಸ್ಕೊ ಶುರುವಾಗಿದ್ದು ಹೊಳೆ ಸೇರುವ ಜಾಗದ ಒಂದು ಹೋಟೆಲಿನಿಂದ. ಮೇಲಿನ ಕಾಡಿನಲ್ಲಿ ಕಡಿದ ಮರ ಹೊಳೆಯಲ್ಲಿ ತೇಲಿ ಬರುತ್ತಿತ್ತು. ಇಲ್ಲಿ ಅದನ್ನು ತೆಪ್ಪ ಕಟ್ಟಿ ಲಾಬೆಯಲ್ಲಿ ಜರ್ಮನಿ ಕಡೆಗೆ ಬಿಡುತ್ತಿದ್ದರು. ತೆಪ್ಪದವರಿಗೆ ಊಟ, ಬಿಯರು, ಮಲಗಲು ಜಾಗ ಬೇಕಲ್ಲ. ಊರು ಬೆಳೆದಿದ್ದೇ ಹಾಗೆ. 19ನೇ ಶತಮಾನದಲ್ಲಿ ಮರದ ಜೊತೆಗೆ ಪ್ರವಾಸಿಗಳೂ ಬರತೊಡಗಿದರು. ಇಲ್ಲಿಂದ ಮುಂದಿನ ಕಥೆ ನನಗೆ ತುಂಬಾ ಇಷ್ಟ.

ಊರಿನ 'ಹಸಿರು ಮರ' ಎಂಬ ಹೋಟೆಲಿನಲ್ಲಿ 1877ರಲ್ಲಿ ಒಂದು ಪಂಥ ಬಿತ್ತು. ಕಾಮೆನಿತ್ಸೆಯ ಕಮರಿ ಆಗ ಯಾರೂ ದಾಟದ ಜಾಗ. ಎರಡೂ ಕಡೆ ಕಡಿದಾದ ಬಂಡೆ, ಕೆಳಗೆ ನೀರು, ಕಾಲಿಡಲು ದಾರಿಯೇ ಇಲ್ಲ. ಐದು ಜನ ತೆಪ್ಪ ಹತ್ತಿದರು, ಕಮರಿಯೊಳಗಿಂದ ಹಾದು ಜೀವಂತವಾಗಿ ಹ್ರೆನ್ಸ್ಕೊಗೆ ಬಂದರು, ಪಂಥ ಗೆದ್ದರು. ಇದನ್ನು ನೋಡಿ ಆ ಸೀಮೆಯ ದೊರೆ ಎಡ್ಮಂಡ್ ಕ್ಲಾರಿ-ಆಲ್ಡ್ರಿಂಗೆನ್‌ಗೆ ತಲೆ ಓಡಿತು. ಹೋಗಿ ಬಂದದ್ದು ಐದು ಜನ, ಹೋಗಬೇಕು ಅನ್ನುವವರು ಎಷ್ಟು ಜನ ಇರಬಹುದು! ಇಟಲಿಯಿಂದ ಕೆಲಸಗಾರರನ್ನು ಕರೆಸಿದ. ಅವರು ಬಂಡೆ ಒಡೆದು ಸುರಂಗ ಕೊರೆದರು, ಗೋಡೆಗೆ ಅಂಟಿದಂತೆ ಕಾಲುದಾರಿ ಮಾಡಿದರು. ಹೊಳೆಗೆ ಅಡ್ಡಲಾಗಿ ಸಣ್ಣ ಒಡ್ಡು ಕಟ್ಟಿ ದೋಣಿ ಓಡುವಷ್ಟು ನೀರು ನಿಲ್ಲಿಸಿದರು. 1890ರಲ್ಲಿ ಎಡ್ಮಂಡ್ ಕಮರಿ ಶುರುವಾಯಿತು, 1898ರಲ್ಲಿ ಅದರ ಮೇಲಿನ 'ಕಾಡು ಕಮರಿ'.

ಆ ದೋಣಿಯಲ್ಲಿ ನಾನು ಕೂತಿದ್ದು ಬೆಂಕಿ ಬೀಳುವ ಮುಂಚೆ (ಬೆಂಕಿಯ ವಿಷಯಕ್ಕೆ ಆಮೇಲೆ ಬರುತ್ತೇನೆ). ಚಪ್ಪಟೆ ತಳದ ಮರದ ದೋಣಿ. ಮೋಟಾರು ಇಲ್ಲ. ಅಂಬಿಗ ಹಿಂದೆ ನಿಂತು ಉದ್ದನೆಯ ಗಳವನ್ನು ಬಂಡೆಗೆ ಒತ್ತಿ ತಳ್ಳುತ್ತಾನೆ, ನಮ್ಮ ಕಡೆ ತುಂಗೆಯಲ್ಲಿ ಜಲ್ಲೆ ಹಾಕುತ್ತಿದ್ದರಲ್ಲ, ಥೇಟ್ ಹಾಗೇ. ಬೇಸಿಗೆಯಲ್ಲೂ ಒಳಗೆ ತಣ್ಣಗೆ. ಬಂಡೆ ತುಂಬ ಪಾಚಿ, ಜರಿಗಿಡ, ಮೇಲೆಲ್ಲೋ ಒಂದು ಪಟ್ಟಿ ಆಕಾಶ. ಅಂಬಿಗ ಪ್ರತಿ ಬಂಡೆಗೂ ಒಂದು ಹೆಸರು ಹೇಳಿ ನಗಿಸುತ್ತಾ ಬಂದ. ಒಂದು ತಿರುವಿನಲ್ಲಿ ದೋಣಿ ನಿಧಾನ ಮಾಡಿ, ಕೈ ಚಾಚಿ ಒಂದು ಹಗ್ಗ ಎಳೆದ. ನಾವೆಲ್ಲ ಏನು ಅಂತ ನೋಡುವಷ್ಟರಲ್ಲಿ ಮೇಲಿಂದ ಸುರ್ರೆಂದು ನೀರು ಬಿತ್ತು. ಜಲಪಾತ! ಮೇಲೆ ನೀರು ತುಂಬಿಸಿಟ್ಟು ಹಗ್ಗ ಎಳೆದಾಗ ಬಿಡುವ ವ್ಯವಸ್ಥೆ. ಪಕ್ಕದಲ್ಲಿದ್ದ ಜರ್ಮನ್ ಅಜ್ಜಿ "ಇದು ಮೋಸ" ಅಂದರು. ನನಗೆ ಮಾತ್ರ ಅಲ್ಲಿಂದಲೇ ಈ ಜಾಗದ ಮೇಲೆ ಪ್ರೀತಿ ಹುಟ್ಟಿತು. ಕಾಡು, ಕಮರಿ ಅಂತ ನಾವು ಬಾಯಿ ಬಿಟ್ಟು ನೋಡುವ ಇಲ್ಲಿನ ಅರ್ಧ ಚೆಲುವು ಯಾರೋ ಕೈಯಾರೆ ಮಾಡಿದ್ದು. ಅವರೇನೂ ಅದನ್ನು ಮುಚ್ಚಿಡುವುದಿಲ್ಲ, ನಿನ್ನ ಕಣ್ಣೆದುರಿಗೇ ಹಗ್ಗ ಎಳೆಯುತ್ತಾರೆ.

ಪೂರ್ತಿ ತಾನಾಗಿಯೇ ಆದದ್ದು ಅಂದರೆ ಪ್ರಾವ್ಚಿತ್ಸ್ಕಾ ಬ್ರಾನಾ. ಯುರೋಪಿನಲ್ಲೇ ಅತಿ ದೊಡ್ಡ ಮರಳುಗಲ್ಲಿನ ಸಹಜ ಕಮಾನು. ಅಗಲ 26.5 ಮೀಟರ್, ಕೆಳಗೆ 16 ಮೀಟರ್ ಎತ್ತರದ ಖಾಲಿ ಜಾಗ. ಅದರ ಬುಡದಲ್ಲೇ ಅದೇ ಕ್ಲಾರಿ ಮನೆತನದವರು 1881ರಲ್ಲಿ ಅತಿಥಿಗಳಿಗಾಗಿ 'ಗಿಡುಗನ ಗೂಡು' ಎಂಬ ಬಂಗಲೆ ಕಟ್ಟಿಸಿದರು. ಈಗ ಅಲ್ಲಿ ಹೋಟೆಲು, ಮೇಲೆ ಒಂದು ಸಣ್ಣ ಮ್ಯೂಸಿಯಂ. ಒಂದು ಕಾಲದಲ್ಲಿ ಜನ ಕಮಾನಿನ ಮೇಲೆಯೇ ಓಡಾಡುತ್ತಿದ್ದರು. ಕಲ್ಲು ಸವೆಯುತ್ತಿದೆ ಅಂತ 1980ರಿಂದ ಬಿಡುತ್ತಿಲ್ಲ. ಪಕ್ಕದ ಬಂಡೆಗಳ ಮೇಲಿನ ಕಟ್ಟೆಗಳಿಂದ ನೋಡಬಹುದು, ಅಲ್ಲಿಂದ ಕಾಣುವುದೇ ಚೆನ್ನ.

ದಾರಿ ತಪ್ಪುವ ಭಯ ಬೇಡ. ಚೆಕ್ ಜನರಿಗೆ ಕಾಲ್ನಡಿಗೆ ಅಂದರೆ ಹುಚ್ಚು. ಅವರ ಚಾರಣಿಗರ ಕ್ಲಬ್ಬು 1888ರಲ್ಲಿ ಹುಟ್ಟಿದ್ದು. ಮರುವರ್ಷದಿಂದಲೇ ಮರಗಳ ಮೇಲೆ, ಬಂಡೆಗಳ ಮೇಲೆ ಬಣ್ಣದ ಗುರುತು ಹಾಕುತ್ತಾ ಬಂದಿದ್ದಾರೆ. ಎರಡು ಬಿಳಿ ಪಟ್ಟಿ, ನಡುವೆ ಕೆಂಪು, ನೀಲಿ, ಹಸಿರು ಅಥವಾ ಹಳದಿ. ಕಮಾನಿಗೆ ಕೆಂಪು ಹಿಡಿದು ಹೋದರೆ ಆಯಿತು.

ಇನ್ನು ಬೆಂಕಿ. ಈ ಕಾಡಿನಲ್ಲಿ ಹಿಂದಿನ ಜಮೀನುದಾರರು ಮರ ಮಾರಲೆಂದು ಸ್ಪ್ರೂಸ್ ಎಂಬ ಸೂಜಿಯೆಲೆಯ ಮರವೊಂದನ್ನೇ ಸಾಲಾಗಿ ನೆಟ್ಟಿದ್ದರು. 2018ರ ನಂತರದ ಬರಗಾಲದಲ್ಲಿ ತೊಗಟೆ ಹುಳು ಬಿದ್ದು ಅವು ನಿಂತಲ್ಲೇ ಒಣಗಿದವು. 2000ದಿಂದ ಇದು ರಾಷ್ಟ್ರೀಯ ಉದ್ಯಾನ, ಹಾಗಾಗಿ ಬಹಳಷ್ಟು ಕಡೆ ಸತ್ತ ಮರಗಳನ್ನು ಹಾಗೇ ಬಿಟ್ಟಿದ್ದರು. 2022ರ ಜುಲೈ 24ರಂದು ಬೆಂಕಿ ಕಾಣಿಸಿತು. ಸಾವಿರ ಹೆಕ್ಟೇರಿಗೂ ಜಾಸ್ತಿ ಸುಟ್ಟಿತು. ಹ್ರೆನ್ಸ್ಕೊ ಜನರನ್ನು ಮನೆ ಬಿಡಿಸಿದರು, ಮೇಲಿನ ಮೆಜ್ನಾ ಹಳ್ಳಿಯಲ್ಲಿ ಕೆಲವು ಮನೆಗಳು ಹೋದವು. ಇಟಲಿ, ಸ್ವೀಡನ್ ವಿಮಾನಗಳು ಬಂದು ನೀರು ಸುರಿದವು. ಪೂರ್ತಿ ಆರಲು ಆಗಸ್ಟ್ ಬರಬೇಕಾಯಿತು. ಸತ್ತ ಮರ ಬಿಟ್ಟಿದ್ದು ಸರಿಯಾ ತಪ್ಪಾ ಅಂತ ಊರವರಿಗೂ ಉದ್ಯಾನದವರಿಗೂ ಜಗಳ. ನನ್ನ ಮಟ್ಟಿಗೆ, ತಪ್ಪು ಶುರುವಾಗಿದ್ದು ಒಂದೇ ಜಾತಿಯ ಮರ ನೆಟ್ಟಾಗ. ನಮ್ಮಲ್ಲಿ ಅಕೇಶಿಯಾ ನೆಟ್ಟ ಗುಡ್ಡ ನೋಡಿದ ನಿನಗೆ ಇದು ಅರ್ಥವಾಗುತ್ತದೆ.

ಮೊನ್ನೆ ಹೋದಾಗ ಆ ಇಳಿಜಾರಿನಲ್ಲಿ ನಿಂತಿದ್ದೆ. ಕರಿ ಕಾಂಡಗಳು ಹಾಗೇ ಇವೆ, ಮುಟ್ಟಿದರೆ ಬೆರಳಿಗೆ ಮಸಿ. ಬುಡದಲ್ಲಿ ಮಾತ್ರ ಭೂರ್ಜದ ಸಸಿಗಳು ಒತ್ತೊತ್ತಾಗಿ ಎದ್ದಿವೆ, ಕೆಲವು ನನ್ನ ತಲೆಗಿಂತ ಎತ್ತರ. ಇವನ್ನು ಯಾರೂ ನೆಟ್ಟಿಲ್ಲ.

ಹೊಳೆಯಲ್ಲಿ ಮಾತ್ರ ಹೋದದ್ದನ್ನು ಜನರೇ ತಿರುಗಿ ತರುವ ಕೆಲಸ ನಡೆದಿದೆ. ಲಾಬೆಯಲ್ಲಿ ಕೊಳೆ ಮತ್ತು ಅಣೆಕಟ್ಟುಗಳಿಂದ ಸಾಲ್ಮನ್ ಮೀನು ಪೂರ್ತಿ ಇಲ್ಲವಾಗಿತ್ತು. 1998ರಿಂದ ಕಾಮೆನಿತ್ಸೆಯಲ್ಲಿ ಮರಿ ಬಿಡುತ್ತಿದ್ದಾರೆ. ಸಮುದ್ರಕ್ಕೆ ಹೋದ ಕೆಲವು ದೊಡ್ಡದಾಗಿ ತಿರುಗಿ ಬಂದಿವೆ.

ಊರಿನ ರಸ್ತೆ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನನ್ನನ್ನು ಬೈಯಬೇಡ. ಫೆರಿ ಇಳಿದ ಕೂಡಲೇ ಕಣ್ಣಿಗೆ ಬೀಳುವುದು ಸಾಲು ಸಾಲು ವಿಯೆಟ್ನಾಮಿ ಅಂಗಡಿ. ಸಿಗರೇಟು, ಜಾಕೆಟ್ಟು, ತೋಟದಲ್ಲಿ ಇಡುವ ಕುಳ್ಳರ ಬೊಂಬೆ. ಕಮ್ಮಿ ರೇಟಿಗೆ ಕೊಳ್ಳಲು ಜರ್ಮನಿಯವರು ಬರುತ್ತಾರೆ. ಊರಿನ ಅಂದ ಕೆಟ್ಟಿತು ಅಂತ ಬಹಳ ಜನ ಮೂಗು ಮುರಿಯುತ್ತಾರೆ. ಆದರೆ ಇಲ್ಲಿ ಹಳಬರು ಅಂತ ಯಾರಿದ್ದಾರೆ ಹೇಳು? ತಲೆಮಾರುಗಳಿಂದ ಇದ್ದವರು ಜರ್ಮನ್ ಮಾತಾಡುವವರು. 1938ರಲ್ಲಿ ಈ ಗಡಿ ಪ್ರದೇಶವನ್ನು ಹಿಟ್ಲರ್ ನುಂಗಿದ, ಯುದ್ಧ ಮುಗಿದ ಮೇಲೆ ಅವರನ್ನೆಲ್ಲ ಹೊರಗಟ್ಟಿದರು. ಖಾಲಿ ಮನೆಗಳಿಗೆ ಚೆಕ್ ಜನ ಬಂದರು. ವಿಯೆಟ್ನಾಮಿನವರು ಕಮ್ಯುನಿಸ್ಟ್ ಕಾಲದಲ್ಲಿ ಕಾರ್ಖಾನೆ ಕೆಲಸಕ್ಕೆ ಬಂದು ಈ ದೇಶದಲ್ಲಿ ಬೇರು ಬಿಟ್ಟವರು. ಅಂಗಡಿಯ ಹಿಂದಿನ ಸಣ್ಣ ಹೋಟೆಲಿನಲ್ಲಿ ಅವರ ಬಿಸಿ ನೂಡಲ್ಸ್ ಸಾರು ಕುಡಿದು ನೋಡು, ಕಾಲುನೋವು ಮರೆತು ಹೋಗುತ್ತದೆ.

ಬರುವುದಾದರೆ ಮೇ ಕೊನೆ ಅಥವಾ ಸೆಪ್ಟೆಂಬರ್ ಒಳ್ಳೆಯದು. ಜುಲೈ, ಆಗಸ್ಟಲ್ಲಿ ಜಾತ್ರೆ. ಬೆಂಕಿಯ ನಂತರ ಕಮರಿಗಳನ್ನೂ ಕೆಲವು ದಾರಿಗಳನ್ನೂ ವರ್ಷಗಟ್ಟಲೆ ಮುಚ್ಚಿದ್ದರು, ಹಾಗಾಗಿ ಹೊರಡುವ ಮುಂಚೆ ಉದ್ಯಾನದ ಸೈಟಿನಲ್ಲಿ ಯಾವುದು ತೆರೆದಿದೆ ಅಂತ ನೋಡಿಯೇ ತೀರ್ಮಾನ ಮಾಡೋಣ. ಒಳ್ಳೆ ಹಿಡಿತ ಇರುವ ಬೂಟು ತಾ, ಮಳೆ ಬಂದರೆ ಮರಳುಗಲ್ಲು ಜಾರುತ್ತದೆ. ಕೊನೆಯ ಫೆರಿ ಯಾವಾಗ ಅಂತಲೂ ಬೆಳಿಗ್ಗೆಯೇ ಕೇಳಿಕೊಳ್ಳಬೇಕು, ತಪ್ಪಿದರೆ ಮೊದಲು ದ್ಯೆಚೀನ್‌ಗೆ ಬಸ್ಸು ಹಿಡಿದು ಸುತ್ತಿಕೊಂಡು ಬರಬೇಕಾಗುತ್ತದೆ. ವೀಸಾ ಆದ ಮೇಲೆ ತಾರೀಕು ತಿಳಿಸು, ರಜೆ ಹಾಕಬೇಕು ನಾನು.

ಅಮ್ಮನಿಗೆ ನಮಸ್ಕಾರ ಹೇಳು.

ನಿನ್ನ ಗೆಳೆಯ