ಊರಿಂದ ಬರುವವರು ಪುಣೆಯಲ್ಲಿ ಎಲ್ಲಿ ಉಳಿಯಬೇಕು?

ಎಲ್ಲರಿಗೂ ನಮಸ್ಕಾರ. ಮಳೆಗಾಲದಲ್ಲಿ ಊರಿಂದ ನೆಂಟರನ್ನು ಕರೆಸಿಕೊಳ್ಳುವವರು ದಯವಿಟ್ಟು ಇದನ್ನು ಓದಿ.

ಬಾಡಿಗೆ ಕಡಿಮೆ ಅಂತ ಸುಮ್ನೆ ಪುಣೆ ಹೊರವಲಯದ ಐಟಿ ಪ್ರದೇಶ ಹಿಂಜವಡಿ ಕಡೆ ರೂಮ್ ಮಾಡಬೇಡಿ. ಹೋದ ವರ್ಷ ಅತ್ತೆ, ಮಾವನಿಗೆ ಅಲ್ಲೇ ಮಾಡಿದ್ದೆ. ಪುಣೆ ನಡುವೆ ಇರುವ ಪೇಶ್ವೆಗಳ ಹಳೆಯ ಅರಮನೆ ಶನಿವಾರವಾಡ ನೋಡಲು ಹೊರಟರೆ ಅರ್ಧ ದಿನ ಟ್ರಾಫಿಕ್‌ನಲ್ಲೇ ಹೋಯಿತು. ಪಾಪ, ತುಂಬಾ ಸುಸ್ತಾದರು.

ಶಿವಾಜಿನಗರವೇ ಒಳ್ಳೆಯದು. ಮೆಟ್ರೋ ಇದೆ, ಗಿರಿಧಾಮ ಲೋಣಾವಳಕ್ಕೆ ಲೋಕಲ್ ರೈಲೂ ಅಲ್ಲಿಂದಲೇ ಸಿಗುತ್ತದೆ. ಸಿಂಹಗಡಕ್ಕೆ ಹೋಗುವುದೇ ಮುಖ್ಯ ಅಂದರೆ ಸ್ವಾರಗೇಟ್ ಹತ್ತಿರ ಉಳಿಯಿರಿ. ಕೋಟೆ ಸುಮಾರು 30 ಕಿ.ಮೀ. ಅಷ್ಟೇ, ಬೆಳಿಗ್ಗೆ ಬೇಗ ಹೊರಡಬಹುದು.

ಮುಳಶಿ ಕೆರೆ ಕಡೆ ಉಳಿಯುವ ಆಸೆ ಇದ್ದರೆ ಒಂದು ರಾತ್ರಿ ಸಾಕು. ಸ್ವಂತ ಗಾಡಿ ಇಲ್ಲದಿದ್ದರೆ ಅಲ್ಲಿ ಓಡಾಟ ಕಷ್ಟ. ಶನಿವಾರ, ಭಾನುವಾರ ಬಿಟ್ಟು ಹೋಗಿ, ಜನ ಜಾಸ್ತಿ. ವಯಸ್ಸಾದವರಿದ್ದರೆ ಲಿಫ್ಟ್ ಇದೆಯಾ ಅಂತ ಮೊದಲೇ ಫೋನ್ ಮಾಡಿ ಕೇಳಿ.