ಹೊಳೆದಂಡೆಯ ಹಲ್ಲು ತಿಮಿಂಗಿಲದ್ದಲ್ಲ

ಮಾನ್ಯ ಸಂಪಾದಕರೇ,

ತುಂಗಭದ್ರೆಯ ದಂಡೆಯಲ್ಲಿ ಉದ್ದನೆಯ ಕಪ್ಪು ಹಲ್ಲು ಸಿಕ್ಕರೆ ‘ತಿಮಿಂಗಿಲದ ಪಳೆಯುಳಿಕೆ’ ಎಂದು ಫೋಟೊ ಹಂಚುವ ಮುನ್ನ ನೆಲವನ್ನು ನೋಡಬೇಕು. ಕೊಪ್ಪಳ, ಬಳ್ಳಾರಿ, ರಾಯಚೂರಿನ ಗ್ರಾನೈಟ್, ನೈಸ್ ಬಂಡೆಗಳು ಬಹುಪಾಲು 250 ಕೋಟಿ ವರ್ಷ ಅಥವಾ ಅದಕ್ಕೂ ಹಳೆಯವು. ತಿಮಿಂಗಿಲದ ಪೂರ್ವಜರು ನೀರಿಗಿಳಿದದ್ದು ಸುಮಾರು 5 ಕೋಟಿ ವರ್ಷದ ಹಿಂದೆ. ಅವುಗಳ ಪಳೆಯುಳಿಕೆ ಇರುವ ಸಮುದ್ರದ ಪದರ ಕಛ್‌ನಲ್ಲಿದೆ, ನಮ್ಮಲ್ಲಿಲ್ಲ.

ಇಲ್ಲಿ ಸಿಗುವುದು ಹೆಚ್ಚಾಗಿ ದನ, ಎಮ್ಮೆಯ ದವಡೆ ಹಲ್ಲು. ಬಾಯಲ್ಲಿ ಅದರ ತುದಿಯಷ್ಟೇ ಕಾಣುತ್ತದೆ. ಇಡೀ ಹಲ್ಲು 5–6 ಸೆಂ.ಮೀ. ಉದ್ದ, ಮೈತುಂಬ ಏಣು, ಹಾಗಾಗಿ ದನ ಕಟ್ಟಿದವರಿಗೂ ಗುರುತು ಸಿಗದು. ಅಗಿಯುವ ಮುಖದಲ್ಲಿ ಎನಾಮಲ್ (ಹಲ್ಲಿನ ಗಟ್ಟಿ ಹೊರಪದರ) ಅರ್ಧಚಂದ್ರಾಕಾರದಲ್ಲಿ ಸುತ್ತಿರುತ್ತದೆ. ಮೇಲ್ದವಡೆಯದು ಚೌಕ, ಒಳಬದಿಯ ನಡುವೆ ಸಣ್ಣ ಕಂಬ. ಕೆಳದವಡೆಯ ಕೊನೆಯದಕ್ಕೆ ಮೂರು ಹಾಲೆ. ಆಡು, ಕುರಿಯದ್ದೂ ಅರ್ಧಚಂದ್ರವೇ, ಆದರೆ ಚಿಕ್ಕದು, ಕಂಬವಿಲ್ಲ.

ಚೂಪಾದ ಹಲ್ಲನ್ನು ಡಾಲ್ಫಿನ್ನಿನದು ಎಂದುಕೊಳ್ಳುತ್ತಾರೆ. ನಮ್ಮ ಹೊಳೆಗಳಲ್ಲಿ ಮೊಸಳೆಗಳಿವೆ, ಅವು ಜೀವಮಾನವಿಡೀ ಹಲ್ಲು ಉದುರಿಸುತ್ತವೆ. ಬುಡ ಪೊಳ್ಳು, ಹಿಂದೆ ಮುಂದೆ ಒಂದೊಂದು ಸಣ್ಣ ಅಂಚು ಇದ್ದರೆ ಮೊಸಳೆಯದೇ. ಅದನ್ನು ಮನೆಯಲ್ಲಿಡದೆ ಅರಣ್ಯ ಇಲಾಖೆಗೆ ಒಪ್ಪಿಸಿ. 1972ರ ವನ್ಯಜೀವಿ ಕಾಯ್ದೆ ಬಿಗಿಯಾಗಿದೆ.

ಕಪ್ಪು ಬಣ್ಣ ಹಳೆಯದೆಂಬುದಕ್ಕೆ ಸಾಕ್ಷಿಯಲ್ಲ. ನೀರಿನ ಕಬ್ಬಿಣ, ಮ್ಯಾಂಗನೀಸ್ ಹೊಸ ಹಲ್ಲನ್ನೂ ಕಪ್ಪಾಗಿಸುತ್ತವೆ. ಬೇರಿನ ಮುರಿದ ಅಂಚಿಗೆ ಕಾದ ಸೂಜಿ ಮುಟ್ಟಿಸಿ: ಕೂದಲು ಸುಟ್ಟ ವಾಸನೆ ಬಂದರೆ ಇನ್ನೂ ಕಲ್ಲಾಗಿಲ್ಲ.

ದಯವಿಟ್ಟು ನಿಂಬೆರಸ, ವಿನೆಗರ್, ಆ್ಯಸಿಡ್ ಹಾಕಬೇಡಿ. ಅಂಟಿದ ಸುಣ್ಣದ ಜೊತೆ ಎನಾಮಲ್ಲೂ ಕರಗುತ್ತದೆ. ಬಿಸಿಲಿಗಿಟ್ಟರೆ ಎನಾಮಲ್ಲಿನ ಒಳಗಿರುವ ಡೆಂಟಿನ್ ಪದರ ಬಿರಿದು ಎನಾಮಲ್ ಚಕ್ಕೆಯೆದ್ದು ಹೋಗುತ್ತದೆ. ಮೆತ್ತನೆಯ ಬ್ರಶ್ಶು, ಬರೀ ನೀರು, ಆಮೇಲೆ ಪೇಪರಿನಲ್ಲಿ ಸುತ್ತಿ ನೆರಳಲ್ಲಿ ನಿಧಾನಕ್ಕೆ ಒಣಗಿಸಿ. ಅಗಿಯುವ ಮುಖ, ಎರಡೂ ಬದಿ, ಬೇರು ಇಷ್ಟರ ಫೋಟೊವನ್ನು ಅಳತೆಪಟ್ಟಿ ಇಟ್ಟು ತೆಗೆಯಿರಿ.

ಎಲ್ಲಕ್ಕಿಂತ ಮುಖ್ಯವಾದದ್ದು ಜಾಗ. ಮರಳಿನ ಮೇಲೆ ಬಿಡಿಯಾಗಿ ಸಿಕ್ಕಿದ್ದು ಎಲ್ಲಿಂದಲೋ ಬಂದಿರಬಹುದು. ದಂಡೆಯ ಗಟ್ಟಿ ಗರಸಿನ ಪದರದಲ್ಲಿ ಸಿಕ್ಕಿಕೊಂಡದ್ದು ದನದ್ದೇ ಆದರೂ ಬೆಲೆಯುಳ್ಳದ್ದು. ಗೋಕಾಕದ ಬಳಿ ಸಿಕ್ಕ ಖಡ್ಗಮೃಗದ ಪಳೆಯುಳಿಕೆಯನ್ನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ವಿವರಿಸಿದ್ದರು; ಹುಣಸಗಿ ಕಣಿವೆಯಲ್ಲಿ ಹಳೆ ಶಿಲಾಯುಗದ ನೆಲೆಗಳಲ್ಲಿ ಕಾಡುದನ, ಆನೆಯ ಹಲ್ಲುಗಳು ಸಿಕ್ಕಿವೆ. ಅಂಥದ್ದು ಕಂಡರೆ ಕೀಳಬೇಡಿ. ಮೊಬೈಲಿನಲ್ಲಿ ಲೊಕೇಶನ್ ಉಳಿಸಿಕೊಂಡು, ಪದರ ಕಾಣುವಂತೆ ಫೋಟೊ ತೆಗೆದು ಪುರಾತತ್ವ ಇಲಾಖೆಗೆ ತಿಳಿಸಿ.

– ಭೂವಿಜ್ಞಾನ ಉಪನ್ಯಾಸಕರು, ಗಂಗಾವತಿ